ಐದು ನಿಮಿಷ ಅಂತ ಬರೆದವರು ಯಾರು?

ಇಂಗ್ಲಿಷರ ಅಡುಗೆ ಅಂದರೆ ನಮ್ಮವರಿಗೆ ಸ್ವಲ್ಪ ಅಸಡ್ಡೆ. ಬರ್ಮಿಂಗ್‌ಹ್ಯಾಮಿನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಒಂದು ಭಾನುವಾರ ನಾನು ಬೀಫ್, ಅಣಬೆ, ಗ್ರೇವಿ ಅಂತ ಹೊರಟಾಗ ಗಂಡ ಕೇಳಿದರು: "ಮಸಾಲೆ ಅರೆಯೋದಿಲ್ಲ, ಕಾಯಿ ತುರಿಯೋದಿಲ್ಲ. ಇದೂ ಒಂದು ಅಡುಗೆನಾ?"

ರೆಸಿಪಿ ನೋಡಿದರೆ ಹಾಗೇ ಅನ್ನಿಸುತ್ತದೆ, ನಿಜ. 'ಈರುಳ್ಳಿಯನ್ನು ಐದು ನಿಮಿಷ ಹುರಿದು ಕೆಂಪಗೆ ಮಾಡಿಕೊಳ್ಳಿ' ಅಂತ ಇತ್ತು. ಐದು ನಿಮಿಷದಲ್ಲಿ ಈರುಳ್ಳಿ ಬೆವರುತ್ತದೆ, ಅಷ್ಟೇ. ಸಣ್ಣ ಉರಿಯಲ್ಲಿ ಒಳ್ಳೆ ಕೆಂಪು ಬರಬೇಕಾದರೆ ಮುಕ್ಕಾಲು ಗಂಟೆಯಾದರೂ ಬೇಕು. ಅದನ್ನು ಬರೆದರೆ ಯಾರೂ ಮಾಡುವುದಿಲ್ಲ ಅಂತ ರೆಸಿಪಿ ಬರೆಯುವವರಿಗೆಲ್ಲ ಗೊತ್ತು!

ಅಣಬೆಯದ್ದು ಇನ್ನೊಂದು ಕಥೆ. ನೂರಕ್ಕೆ ತೊಂಬತ್ತು ಪಾಲು ನೀರೇ. ಬಾಣಲೆ ತುಂಬ ಹಾಕಿದ್ದು ಮೊದಲು ಕೆರೆಯಾಯಿತು, ಆಮೇಲೆ ಬತ್ತಿತು, ಕೊನೆಗೆ ಉಳಿದದ್ದು ಒಂದು ಹಿಡಿ. "ಮಿಕ್ಕಿದ್ದನ್ನ ತಿಂದ್ಯಾ?" ಅಂತ ಗಂಡ ಅನುಮಾನದಿಂದ ಕೇಳಿದರು.

ಆಮೇಲೆ ಮಾಂಸ. ಒದ್ದೆ ಇದ್ದರೆ ಅದು ಬೇಯುತ್ತದೆ, ಕೆಂಪಗಾಗುವುದಿಲ್ಲ. ನೀರು 100 ಡಿಗ್ರಿ ದಾಟುವುದಿಲ್ಲ, ಆ ಬಣ್ಣ ಮತ್ತು ಪರಿಮಳಕ್ಕೆ ಹತ್ತಿರ ಹತ್ತಿರ 140 ಡಿಗ್ರಿ ಬೇಕು. ಮೇಯಾರ್ ಎಂಬ ಫ್ರೆಂಚ್ ವಿಜ್ಞಾನಿ ಇದರ ಹಿಂದಿನ ಕ್ರಿಯೆಯನ್ನು 1912ರಲ್ಲೇ ವಿವರಿಸಿದ್ದಾನೆ. ಪಾಪ, ಅವನ ತಲೆಯ ಮೇಲೆ ಸ್ಮೋಕ್ ಅಲಾರ್ಮ್ ಇರಲಿಲ್ಲ. ತುಂಡುಗಳನ್ನು ಒರೆಸಿ, ಒಂದಕ್ಕೊಂದು ತಾಗದಂತೆ ಇಟ್ಟು, ಒಂದು ಬದಿ ಚೆನ್ನಾಗಿ ಹತ್ತಿ ತಿರುಗಿಸಿದ್ದೇ ತಡ, ಹಾಲ್‌ನಲ್ಲಿ ಅಲಾರ್ಮ್ ಕಿರುಚಿತು. ಗಂಡ ಸ್ಟೂಲ್ ಹತ್ತಿ ಟವೆಲ್ ಬೀಸಿದರು. ಕಿಟಕಿ ತೆರೆದರೆ ಜನವರಿಯ ಗಾಳಿ ಒಳಗೆ ಬಂತು, ಹೊಗೆ ಮಾತ್ರ ಹೊರಗೆ ಹೋಗಲಿಲ್ಲ. ಅಷ್ಟರಲ್ಲಿ ಮಂಗಳೂರಿನಿಂದ ಅಮ್ಮನ ವಿಡಿಯೋ ಕಾಲ್.

"ಯಾರ ಮದುವೆ ಮಗಾ? ಬ್ಯಾಂಡ್ ಜೋರುಂಟಲ್ಲ!"

ವಿಷಯ ಹೇಳಿದೆ. "ಕುಕ್ಕರಿಗೆ ಹಾಕಿ ಐದಾರು ಸೀಟಿ ಹೊಡೆಸು. ಎರಡು ಚಮಚ ನಮ್ಮ ಬಫಾತ್ ಮಸಾಲೆ ಪುಡಿ ಹಾಕು. ಅದು ಬಿಟ್ಟು ಸುಮ್ನೆ ಇಷ್ಟು ರಂಪ ಯಾಕೆ?" ಅಂದು ಅಮ್ಮ ಸಂಜೆಯ ತೇರ್ಸ್ ಪ್ರಾರ್ಥನೆಗೆ ಹೋದರು. ಕಾಲಿನ ಮಾಂಸ, ನರ ಜಾಸ್ತಿ. ಅದು ಕರಗಿ ಮೆತ್ತಗಾಗಲು ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಕು. ಅಮ್ಮನ ಮಾತಿನಲ್ಲಿ ನ್ಯಾಯವಿತ್ತು, ಆದರೆ ಕುಕ್ಕರ್ ಇದ್ದದ್ದೂ ಮಂಗಳೂರಿನಲ್ಲೇ.

ಅಲಾರ್ಮ್ ಕೇಳಿ ಕೆಳಗಿನ ಮನೆಯ ಅಜ್ಜಿ ಚಪ್ಪಲಿಯಲ್ಲೇ ಮೇಲೆ ಬಂದರು. ಸಂಕೋಚಕ್ಕೆ ಗಂಡ ಊಟಕ್ಕೇ ಕರೆದುಬಿಟ್ಟರು. ಅಜ್ಜಿ ಸರಿಯಾದ ಹೊತ್ತಿಗೆ ಬಂದು ಕೂತರು. ಗ್ರೇವಿ ಮಾತ್ರ ಇನ್ನೂ ತಿಳಿಸಾರು. ಬೆಣ್ಣೆಯಲ್ಲಿ ಮೈದಾ ಹುರಿದು, ಸ್ಟಾಕನ್ನು, ಅಂದರೆ ಮಾಂಸದ ರಸವನ್ನು, ಸ್ವಲ್ಪ ಸ್ವಲ್ಪವೇ ಬೆರೆಸಬೇಕು ಅಂತ ನಾನು ಬೆಣ್ಣೆ ತರಲು ಫ್ರಿಜ್ ಕಡೆ ತಿರುಗಿದೆ. ಅಷ್ಟರಲ್ಲಿ ಸಹಾಯ ಮಾಡುವ ಹುಮ್ಮಸ್ಸಿಗೆ ಗಂಡ ಒಂದು ಹಿಡಿ ಮೈದಾವನ್ನು ನೇರ ಕುದಿಯುವ ಪಾತ್ರೆಗೇ ಸುರಿದಿದ್ದರು.

ಬಿಸಿ ತಾಗಿದ ಕೂಡಲೇ ಹಿಟ್ಟಿನ ಹೊರಮೈ ಬೆಂದು ಅಂಟಾಗುತ್ತದೆ, ಒಳಗೆ ಒಣ ಪುಡಿ ಹಾಗೇ ಸಿಕ್ಕಿಕೊಳ್ಳುತ್ತದೆ. ಸೌಟಿನಿಂದ ಒತ್ತಿದರೆ ಗಂಟು ಒಂದಿದ್ದದ್ದು ಎರಡಾಯಿತು. ಸೋಸೋಣ ಅಂದರೆ ಅಣಬೆಯೂ ಹೋಗುತ್ತದೆ. ಹಾಗೇ ಬಡಿಸಿದೆವು.

ಅಜ್ಜಿ ಒಂದು ಗಂಟನ್ನು ಚಮಚದಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಬಾಯಿಗಿಟ್ಟರು. ನಾನು ತಟ್ಟೆ ನೋಡುತ್ತಾ ಕೂತೆ.

"ಡಂಪ್ಲಿಂಗ್! ಹಿಟ್ಟಿನ ಉಂಡೆ! ಇಷ್ಟು ಚಿಕ್ಕದಾಗಿ ಯಾರು ಮಾಡ್ತಾರೆ ಈಗ!"

ಗಂಡ ಸ್ವಲ್ಪವೂ ನಾಚದೆ, "ಮಂಗಳೂರು ಶೈಲಿ" ಅಂದರು.

ತೇರ್ಸ್ ಮುಗಿಸಿ ಮತ್ತೆ ಕಾಲ್ ಮಾಡಿದ್ದ ಅಮ್ಮ ಉಪ್ಪಿನ ಡಬ್ಬಕ್ಕೆ ಒರಗಿಸಿದ್ದ ಫೋನಿನೊಳಗಿಂದಲೇ ಕೂಗಿದರು: "ಯಾರದು, ಊರಿನ ಹೆಸರು ತೆಗೀತಿರೋದು?"