ಗ್ರಾಸ್‌ಹಾಪರ್ ಬಂದರೆ ಸಾಕಾ?

ಗ್ರಾಸ್‌ಹಾಪರ್ ಅನ್ನೋ ವಿನ್ಯಾಸದ ಸಾಫ್ಟ್‌ವೇರ್ ಕಲಿತರೆ ಆರ್ಕಿಟೆಕ್ಟ್ ಕೆಲಸ, ಕಟ್ಟಡ ಭಾರ ತಡೆಯುತ್ತಾ ಅಂತ ಲೆಕ್ಕ ಹಾಕುವ ಸ್ಟ್ರಕ್ಚರಲ್ ಇಂಜಿನಿಯರ್ ಕೆಲಸ ಎರಡೂ ಕೈಗೆ ಬರುತ್ತವೆ ಅಂತ ಬರೆದಿದ್ದೀರಿ. ಅರ್ಧ ಮಾತ್ರ ಒಪ್ಪುತ್ತೇನೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಅಂಗಳದ ಗಾಜಿನ ಚಾವಣಿ ನೋಡಿ. 2000ದಲ್ಲಿ ತೆರೆದದ್ದು, ಆಗ ಗ್ರಾಸ್‌ಹಾಪರ್ ಹುಟ್ಟೇ ಇರಲಿಲ್ಲ. ಅದರಲ್ಲಿ 3,312 ಗಾಜುಗಳಿವೆ, ಒಂದರ ಹಾಗೆ ಇನ್ನೊಂದಿಲ್ಲ, ಯಾಕಂದ್ರೆ ಅಂಗಳಕ್ಕೆ ನಾಲ್ಕು ಮೂಲೆ, ಒಳಗಿನ ಓದುವ ಕೋಣೆ ದುಂಡಗೆ, ಅದೂ ಸರಿಯಾಗಿ ನಡುವೆ ಇಲ್ಲ! ವಿನ್ಯಾಸ ಆರ್ಕಿಟೆಕ್ಟ್ ನಾರ್ಮನ್ ಫಾಸ್ಟರ್ ಕಚೇರಿಯದು, ಆದರೆ ಆ ಆಕಾರವನ್ನು ಪ್ರೋಗ್ರಾಂ ಬರೆದು ಹಿಡಿದದ್ದು ಬಾತ್ ವಿಶ್ವವಿದ್ಯಾಲಯದ ಕ್ರಿಸ್ ವಿಲಿಯಮ್ಸ್. ಅವರು ಇಂಜಿನಿಯರ್. ಸಾಫ್ಟ್‌ವೇರಿನಲ್ಲಿ ಸುಮ್ನೆ ಅಳತೆ ಬದಲಿಸುವ ಸ್ಲೈಡರ್ ಎಳೆದು ಚೆಂದದ ಆಕಾರ ತೆಗೆಯುವುದು ಯಾರಿಗಾದರೂ ಬರುತ್ತದೆ. ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಅಂತ ತಿಳಿಯಲು ಮೊದಲು ಒಂದು ಬೀಮನ್ನಾದರೂ ಕೈಯಲ್ಲೇ ಲೆಕ್ಕ ಹಾಕಿ ಅಂತ ಹುಡುಗರಿಗೆ ಹೇಳಬೇಕಿತ್ತು ಅಲ್ವಾ?