ಮತ್ತಿತರರು

ಕಳೆದ ವರ್ಷ ನಮ್ಮ ಹೈಸ್ಕೂಲಿನ ಸುವರ್ಣ ಮಹೋತ್ಸವದ ಆಮಂತ್ರಣ ಪತ್ರಿಕೆ ವಾಟ್ಸ್‌ಆ್ಯಪ್‌ನಲ್ಲಿ ಕೊಪ್ಪಳದಿಂದ ಪುಣೆಗೆ ಬಂತು. ದಿವ್ಯ ಸಾನ್ನಿಧ್ಯ, ಅಧ್ಯಕ್ಷತೆ, ಉದ್ಘಾಟನೆ, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತಿ ಎಂದು ಮೂವತ್ತಕ್ಕೂ ಹೆಚ್ಚು ಹೆಸರುಗಳು. ಸನ್ಮಾನಿತರ ಪಟ್ಟಿಯನ್ನು ಬೆರಳಿನಿಂದ ಹಿಗ್ಗಿಸಿ ಎರಡು ಸಲ ಓದಿದೆ. ಗುತ್ತಿಗೆದಾರನಾದ ಗೆಳೆಯನಿದ್ದ, ಪಿಎಸ್‌ಐ ಆದವನಿದ್ದ, ಪರೀಕ್ಷೆಯಲ್ಲಿ ನನ್ನ ಹಾಳೆ ನೋಡಿ ಬರೆಯುತ್ತಿದ್ದವನೂ ಇದ್ದ. ನಾನಿದ್ದದ್ದು ಕೊನೆಯ ಪದದಲ್ಲಿ: ಮತ್ತಿತರರು.

ಐವತ್ತೆಂಟು ದಾಟಿದವನಿಗೆ ಇದರಿಂದ ನೋವಾಗಬಾರದು. ಆಯಿತು. "ಶಾಲು ಬೇಕಿದ್ದರೆ ಇಲ್ಲೇ ಲಕ್ಷ್ಮೀ ರಸ್ತೆಯಲ್ಲಿ ಕೊಡಿಸುತ್ತೇನೆ" ಎಂದು ಹೆಂಡತಿ ನಕ್ಕಳು.

ನಮ್ಮ ಕಡೆ ಬಸ್ಸು ಊರು ಮುಟ್ಟುವ ಮುನ್ನವೇ ಫ್ಲೆಕ್ಸ್‌ಗಳು ಎದುರಾಗುತ್ತವೆ. ಸಹಕಾರ ಸಂಘದ ನಿರ್ದೇಶಕನಾದವನಿಗೆ ಆಳೆತ್ತರದ ಅಭಿನಂದನೆ, ಕೆಳಗೆ ಶುಭ ಕೋರುವವರ ಪುಟ್ಟ ಪುಟ್ಟ ಮುಖಗಳು. ಮಳೆಗಾಲಕ್ಕೆ ಅದೇ ಫ್ಲೆಕ್ಸ್ ಯಾರದೋ ಬಣವೆಯ ಮೇಲೆ ಹೊದಿಕೆಯಾಗಿರುತ್ತದೆ. ನಿರ್ದೇಶಕರು ಮೇವು ಕಾಯುತ್ತಿರುತ್ತಾರೆ.

ಪುಣೆಯವರಿಗೂ ಫಲಕದ ಹುಚ್ಚಿದೆ, ಆದರೆ ಬೇರೆ ಬಗೆಯದು. ಪಕ್ಕದ ಮನೆಯ ಅಜ್ಜನ ಬಾಗಿಲಲ್ಲಿ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಮರಾಠಿಯ ಒಂದು ಬರಹ: ಮಧ್ಯಾಹ್ನ 1ರಿಂದ 4ರವರೆಗೆ ಗಂಟೆ ಬಾರಿಸಬೇಡಿ, ಬಾರಿಸಿದರೆ ಬಾಗಿಲು ತೆರೆಯುವುದಿಲ್ಲ, ತೆರೆದರೆ ನಿಮಗೆ ಸಂತೋಷವಾಗುವುದಿಲ್ಲ. ಅವರು ನೀರಾವರಿ ಇಲಾಖೆಯ ಮುಖ್ಯ ಎಂಜಿನಿಯರ್ ಆಗಿದ್ದವರು ಎಂಬುದು ನನಗೆ ಗೊತ್ತಾದದ್ದು ಒಂಬತ್ತು ವರ್ಷಗಳ ನಂತರ, ಅವರ ಪಿಂಚಣಿಯ ಪತ್ರ ತಪ್ಪಿ ನಮ್ಮ ಡಬ್ಬಿಗೆ ಬಿದ್ದಾಗ. ನಮ್ಮೂರಿನಲ್ಲಾಗಿದ್ದರೆ ನಿವೃತ್ತರಾಗಿ ಇಪ್ಪತ್ತು ವರ್ಷ ಕಳೆದಿದ್ದರೂ ಬಾಗಿಲ ಮೇಲೆ ಹುದ್ದೆ ಇರುತ್ತಿತ್ತು, ಮುಂದೆ ಆವರಣದೊಳಗೆ 'ನಿ' ಎಂಬ ಒಂದಕ್ಷರ ಮಾತ್ರ ಸೇರಿರುತ್ತಿತ್ತು.

ನಾನೇನು ಕಡಿಮೆಯಲ್ಲ. ಕಂಪನಿಯಲ್ಲಿ ಉಪಾಧ್ಯಕ್ಷನಾಗಲು 11 ವರ್ಷ ಕಾದೆ. ಕಾದೆ ಎನ್ನುವುದು ಸೌಜನ್ಯದ ಮಾತು, ಹೊಂಚು ಹಾಕಿದೆ. ಹುದ್ದೆ ಬಂದ ಹತ್ತನೆಯ ದಿನ, ನನ್ನ ಜೊತೆಗೇ ಉಪಾಧ್ಯಕ್ಷನಾದವನ ಕೋಣೆಗೆ ಎರಡು ಕಿಟಕಿಗಳಿವೆ ಎಂಬುದು ಕಣ್ಣಿಗೆ ಬಿತ್ತು. ಅಲ್ಲಿಗೆ ಮುಗಿಯಿತು. ಆಗ ಮುದ್ರಿಸಿದ 500 ವಿಸಿಟಿಂಗ್ ಕಾರ್ಡುಗಳಲ್ಲಿ ನಾನ್ನೂರಕ್ಕೂ ಹೆಚ್ಚು ಇನ್ನೂ ಡ್ರಾಯರಿನಲ್ಲಿವೆ. ಹಿಂಬದಿಯಲ್ಲಿ ಹೆಂಡತಿ ಹಾಲಿನ ಲೆಕ್ಕ ಬರೆಯುತ್ತಾಳೆ.

ಸಮಾರಂಭಕ್ಕೆ ಹೋಗುವುದಿಲ್ಲ ಎಂದುಕೊಂಡವನು ಹೋದೆ. ಬೆಳಿಗ್ಗೆ ಬೇಗ ತಲುಪಿದ್ದರಿಂದ ಗವಿಮಠದ ಗುಡ್ಡ ಹತ್ತಿದೆ. ಅಲ್ಲೂ ಹತ್ತಿರದ ಪಾಲ್ಕಿಗುಂಡು ಬೆಟ್ಟದಲ್ಲೂ ಅಶೋಕನ ಶಾಸನಗಳಿವೆ. ಚಿಕ್ಕಂದಿನಲ್ಲಿ ಅದರ ಪಕ್ಕದಲ್ಲೇ ಕುಳಿತು ಸೀತಾಫಲ ತಿಂದಿದ್ದೆ, ಏನು ಬರೆದಿದೆ ಎಂದು ಕೇಳಿರಲಿಲ್ಲ. ಇದು ದೊಡ್ಡವರಿಗೆ ಮಾತ್ರ ದಕ್ಕುವ ಫಲವಲ್ಲ, ಸಣ್ಣವನೂ ಶ್ರಮಿಸಿದರೆ ಸ್ವರ್ಗ ಪಡೆಯಬಲ್ಲ ಎಂದಿದೆ. ಇನ್ನೂ ಮೋಜಿನ ಸಂಗತಿಯೆಂದರೆ ಇಲ್ಲಿ ಅರಸನ ಹೆಸರೇ ಇಲ್ಲ, ಬರೀ ದೇವಾನಾಂಪ್ರಿಯ. ಆ ದೇವಾನಾಂಪ್ರಿಯನೇ ಅಶೋಕ ಎಂಬುದಕ್ಕೆ ಶಾಸನದ ಪುರಾವೆ ಸಿಕ್ಕಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ. ಅಷ್ಟು ದೊಡ್ಡ ಚಕ್ರವರ್ತಿಯೂ ಕೊಪ್ಪಳದ ಪತ್ರಿಕೆಯಲ್ಲಿ ಹೆಸರಿಲ್ಲದೆ ಎರಡು ಸಾವಿರ ವರ್ಷ ಕಳೆದಿದ್ದಾನೆ. ನನಗೆ ಸ್ವಲ್ಪ ಸಮಾಧಾನವಾಯಿತು.

ಇದೇ ಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಚಕ್ಕಡಿ, ಟ್ರ್ಯಾಕ್ಟರ್ ತುಂಬ ರೊಟ್ಟಿ ಬರುತ್ತದೆ. ರಾಶಿಗೆ ಸೇರಿದ ಮೇಲೆ ಬಡಿದವಳಿಗೂ ತನ್ನ ರೊಟ್ಟಿಯ ಗುರುತು ಸಿಗದು. ಅದೇ ಜನ ಆಮಂತ್ರಣ ಪತ್ರಿಕೆಯಲ್ಲಿ ಹೆಸರು ಒಂದು ಸಾಲು ಕೆಳಗಿಳಿದರೆ ಮೂರು ವರ್ಷ ಮುನಿಸಿಕೊಳ್ಳುತ್ತಾರೆ. ಪುಣೆಯವರಿಂದ ಕಲಿಯಿರಿ ಎಂದು ಹೇಳಬೇಕೆಂದು ಮಾತು ಸಿದ್ಧ ಮಾಡಿಕೊಂಡೇ ಗುಡ್ಡ ಇಳಿದೆ.

ಹೇಳಲಾಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನನ್ನನ್ನು ಆ ಹಾಳೆ ನೋಡಿ ಬರೆಯುತ್ತಿದ್ದವನು ಗುರುತಿಸಿ, ಕೈ ಹಿಡಿದು ವೇದಿಕೆಗೆ ಎಳೆದುಕೊಂಡು ಹೋಗಿ, ತನ್ನ ಹೆಗಲ ಮೇಲಿನ ಶಾಲನ್ನೇ ತೆಗೆದು ನನಗೆ ಹೊದಿಸಿದ. "ಇವನ ಹಾಳೆ ಇಲ್ಲದಿದ್ದರೆ ನಾನು ಎಸ್ಸೆಸ್ಸೆಲ್ಸಿ ದಾಟುತ್ತಿರಲಿಲ್ಲ" ಎಂದು ಮೈಕಿನಲ್ಲೇ ಹೇಳಿದ. ಕಣ್ಣು ತುಂಬಿತು, ಸುಳ್ಳೇಕೆ. ಆ ಖುಷಿ ಊಟದ ಪಂಕ್ತಿಯವರೆಗೆ ಇತ್ತು. ಪಕ್ಕದವನಿಗೆ ಶಾಲಿನ ಜೊತೆ ಪೇಟವನ್ನೂ ತೊಡಿಸಿದ್ದರು.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ನಮ್ಮ ಮುಖ್ಯ ಎಂಜಿನಿಯರ್ ಅಜ್ಜ ವಾರಕ್ಕೊಂದು ಪತ್ರವನ್ನು ಪತ್ರಿಕೆಯ ಸಂಪಾದಕರಿಗೆ ಬರೆಯುತ್ತಾರೆ. ಅದು ಅಚ್ಚಾಗದ ದಿನ ಲಿಫ್ಟಿನಲ್ಲಿ ಯಾರೊಡನೆಯೂ ಮಾತಾಡುವುದಿಲ್ಲ. ಮತ್ತೆ, ಪುಣೆಯಲ್ಲಿ ನಾನು ಎಂಟು ದಿನ ಜ್ವರದಿಂದ ಮಲಗಿದ್ದಾಗ ಬಂದು ಕೇಳಿದವರಿಲ್ಲ. ಹುದ್ದೆ ಕೇಳದವರು ಜ್ವರವನ್ನೂ ಕೇಳುವುದಿಲ್ಲ.

ರಾತ್ರಿ ದೊಡ್ಡವ್ವನ ಮನೆಯಲ್ಲಿ ಉಳಿದೆ. ದೊಡ್ಡಪ್ಪ ಹೆಡ್‌ಮಾಸ್ತರರಾಗಿದ್ದವರು, ಕರೆದಲ್ಲೆಲ್ಲ ಹೋಗಿ ತಂದ ಶಾಲುಗಳು ಒಂದು ಟ್ರಂಕಿನ ತುಂಬ ಇದ್ದವು. ಅವರು ತೀರಿಕೊಂಡ ಮೇಲೆ ದೊಡ್ಡವ್ವ ಕೌದಿ ಹೊಲಿಯಲು ತೆಗೆದಿದ್ದಾಳೆ. ಹಳೆಯ ಸೀರೆಯ ಹಾಗಲ್ಲ, ಸೂಜಿ ಜಾರುತ್ತದೆ ಎಂಬ ದೂರು ಬೇರೆ. ನನ್ನ ಹೆಗಲ ಮೇಲಿನದನ್ನು ಎಳೆದುಕೊಂಡು ಗೇಣಿನಿಂದ ಅಳೆದಳು.

"ಒಂದೇ ತಂದೆಯಾ, ತಮ್ಮಾ? ಈ ಅಂಚಿಗೆ ಇನ್ನೊಂದು ಬೇಕಿತ್ತು."

ಹೊಲಿದು ಮುಗಿಸಿದ ಒಂದು ಕೌದಿಯನ್ನು ಹೊದೆಯಲು ಕೊಟ್ಟಳು. ಬೆಚ್ಚಗಿತ್ತು. ನಡುರಾತ್ರಿ ಯಾವುದೋ ಸಮಾರಂಭದ ಜರಿ ಕುತ್ತಿಗೆಗೆ ಚುಚ್ಚತೊಡಗಿತು, ಎದ್ದು ಮಗುಚಿ ಹೊದ್ದುಕೊಂಡೆ.