ಬ್ಯಾಡಗಿ ಬಿಳಿಚಿಕೊಂಡ ಬಗೆ

ಬ್ಯಾಡಗಿ ಮೆಣಸಿನಕಾಯಿಯನ್ನು ಜನ ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕೆ ಕೊಳ್ಳುತ್ತಾರೆ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಅಂಥ ಕಾಯಿಯ ಮಾನ ಕಳೆದವನು ನಾನು.

ನಮ್ಮ ಕಾಕಾ ಈ ಸಲ ಡಬ್ಬಿ ತಳಿ ಬೆಳೆದಿದ್ದರು. ದಲಾಲರ ಗೊಡವೆಯಿಲ್ಲದೆ ಹುಬ್ಬಳ್ಳಿ-ಧಾರವಾಡದ ಬೀಗರಿಗೆ, ಪರಿಚಯದವರಿಗೆ ನೇರವಾಗಿ ಮಾರುವ ಉಮೇದು. "ತಮ್ಮಾ, ನಿನ್ನ ಆ ದೊಡ್ಡ ಕ್ಯಾಮೆರಾ ತೆಗೆದುಕೊಂಡು ಬಾ" ಎಂದರು. ಹೋದೆ. ಕಣದಲ್ಲಿ ಸುಕ್ಕುಸುಕ್ಕಾದ ಕಾಯಿಗಳ ರಾಶಿ, ಅದರ ಪಕ್ಕ ಬಿಳಿ ಧೋತರ ಉಟ್ಟು ಕುಳಿತ ಕಾಕಾ.

ಕ್ಯಾಮೆರಾದ ಮೆನುವಿನಲ್ಲಿ ಬಣ್ಣ ದಾಖಲಿಸುವ ಬಗೆಗೆ ಎಸ್‌ಆರ್‌ಜಿಬಿ, ಅಡೋಬಿ ಆರ್‌ಜಿಬಿ ಎಂಬ ಎರಡು ಆಯ್ಕೆಗಳಿದ್ದವು. ಎರಡನೆಯದರಲ್ಲಿ ಹೆಚ್ಚು ಬಣ್ಣ ಹಿಡಿಸುತ್ತದೆ ಎಂದು ಎಲ್ಲೋ ಓದಿದ್ದೆ. ಮದುವೆ ಊಟಕ್ಕೆ ಕುಳಿತವನು ಚಿಕ್ಕ ಎಲೆ ಕೇಳುತ್ತಾನೆಯೇ?

ನನ್ನ ಕಂಪ್ಯೂಟರಿನಲ್ಲಿ ಕೆಂಪು ಧಗಧಗಿಸುತ್ತಿತ್ತು. ಯಾವುದೋ ಪುಕ್ಕಟೆ ತಂತ್ರಾಂಶದಲ್ಲಿ ಗಾತ್ರ ಇಳಿಸಿ ಕಳಿಸಿದೆ. ಹತ್ತು ನಿಮಿಷಕ್ಕೆ ಕಾಕಾ ಫೋನ್ ಮಾಡಿದರು: "ಇದು ಯಾರ ಮೆಣಸಿನಕಾಯಿ? ಅಟ್ಟದ ಮೇಲೆ ಮರೆತ ಹೋದ ವರ್ಷದ ಚೀಲದ್ದೇ?"

ಗಾಬರಿಯಲ್ಲಿ ಕೆಂಪನ್ನು ಕೈಯಾರೆ ಏರಿಸಿ ಮತ್ತೆ ಕಳಿಸಿದೆ. ಧಾರವಾಡದ ಅತ್ತೆ ಕೇಳಿದರು: "ಕುಂಕುಮ ಕಲಸಿದ್ದೀರೇನು?"

ರಾತ್ರಿ ಕುಳಿತು ನೋಡಿದಾಗ ಗುಟ್ಟು ತಿಳಿಯಿತು. ಫೋಟೋದ ಫೈಲಿನಲ್ಲಿರುವುದು ಬಣ್ಣವಲ್ಲ, ಅಂಕಿಗಳು. ಅವುಗಳನ್ನು ಯಾವ ಸೇರಿನಿಂದ ಅಳೆಯಬೇಕೆಂದು ಹೇಳುವ ಚೀಟಿಯೇ ಕಲರ್ ಪ್ರೊಫೈಲ್. ಎಸ್‌ಆರ್‌ಜಿಬಿಯಲ್ಲಿ 255 ಎಂದು ಬರೆಯುವ ಅಚ್ಚಗೆಂಪು, ಅಡೋಬಿಯ ದೊಡ್ಡ ಸೇರಿನಲ್ಲಿ 219 ಅಷ್ಟೇ. ಪುಕ್ಕಟೆ ತಂತ್ರಾಂಶ ಆ ಚೀಟಿಯನ್ನೇ ಹರಿದು ಎಸೆದಿತ್ತು. ಚೀಟಿಯಿಲ್ಲದ ಫೋಟೋ ಸಿಕ್ಕರೆ ಮೊಬೈಲುಗಳು ಸಾಮಾನ್ಯವಾಗಿ ಹಿಡಿಯುವುದು ಚಿಕ್ಕ ಸೇರನ್ನು. 1996ರಲ್ಲಿ ಎಚ್‌ಪಿ, ಮೈಕ್ರೋಸಾಫ್ಟ್ ಕೂಡಿ ಅಂದಿನ ಮಾನಿಟರುಗಳಿಗೆಂದು ರೂಪಿಸಿದ ಆ ಎಸ್‌ಆರ್‌ಜಿಬಿಯೇ ಇಂದಿಗೂ ಅಂತರ್ಜಾಲದ ವಾಡಿಕೆ. ದೊಡ್ಡ ಸೇರಿನ 219ನ್ನು ಚಿಕ್ಕ ಸೇರಿನಲ್ಲಿ ಅಳೆದರೆ ಕೆಂಪು ಕಡಿಮೆ ಬೀಳದೆ ಏನಾದೀತು?

ಗಾಯದ ಮೇಲೆ ಖಾರವೆಂದರೆ, ಅಡೋಬಿಯ ಆ ಹೆಚ್ಚುವರಿ ಜಾಗವೆಲ್ಲ ಇರುವುದು ಹಸಿರು, ಹಸಿರುನೀಲಿಯ ಕಡೆಗೆ. ಕೆಂಪಿನ ಮೂಲೆ ಎರಡರಲ್ಲೂ ಒಂದೇ. ಕಾಕಾ ಹಸಿಮೆಣಸಿನಕಾಯಿ ಮಾರುವವರಾಗಿದ್ದರೆ ನನ್ನ ಜಾಣತನಕ್ಕೆ ಏನಾದರೂ ಅರ್ಥವಿರುತ್ತಿತ್ತು.

ಮೂಲ ಫೋಟೋಗಳನ್ನು ಎಸ್‌ಆರ್‌ಜಿಬಿಗೆ ಪರಿವರ್ತಿಸಿದೆ. ಬರೀ ಚೀಟಿ ಬದಲಿಸಿದರೆ ಸಾಲದು, ಅಂಕಿಗಳೂ ಬದಲಾಗಬೇಕು. ಆ ಪಾಠಕ್ಕೆ ಇನ್ನೊಂದು ಗಂಟೆ ಹೋಯಿತು. ಈ ಸಲ ಫೋನಿನಲ್ಲಿ ಬೈಸಿಕೊಳ್ಳುವುದು ಬೇಡವೆಂದು ಊರಿಗೇ ಹೋದೆ. ಕಾಕಾ ಮೊಬೈಲನ್ನು ರಾಶಿಯ ಪಕ್ಕ ಹಿಡಿದು, ಒಮ್ಮೆ ಅದನ್ನು ಒಮ್ಮೆ ಇದನ್ನು ನೋಡಿ, "ಹಾಂ, ಇದು ನಮ್ಮದು" ಎಂದರು.

ಕಾಕು ಮೊಬೈಲ್ ಇಸಿದುಕೊಂಡು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದರು. ಮೆಣಸಿನಕಾಯಿಯನ್ನಲ್ಲ, ಧೋತರವನ್ನು. ಮೊದಲ ಫೋಟೋದಲ್ಲಿ ಮಣ್ಣಿನ ಕಲೆಯಂತಿದ್ದದ್ದು ಈಗ ಅಪ್ಪಟ ಎಲೆ-ಅಡಿಕೆಯ ಕೆಂಪಿನಲ್ಲಿ ಮಿಂಚುತ್ತಿತ್ತು. ಶ್ರಾವಣದಲ್ಲೇ ಎಲೆ-ಅಡಿಕೆ ಬಿಟ್ಟೆನೆಂದು ದೇವರ ಮುಂದೆ ಆಣೆ ಮಾಡಿದ್ದವರು ಕಾಕಾ.

ಸಂಜೆ ನನ್ನನ್ನು ದನದ ಕೊಟ್ಟಿಗೆಯ ಹಿಂದೆ ಕರೆದು ಸಣ್ಣ ದನಿಯಲ್ಲಿ ಹೇಳಿದರು: "ತಮ್ಮಾ, ಮೊದಲು ಕಳಿಸಿದ ಫೋಟೋಗಳೇ ಇರಲಿ."